ಆಚೆ ದಡದ ಸವಾರ

ಓಶ್ ಪಟ್ಟಣದ ಆ ಗ್ಯಾರೇಜಿನ ಅಂಗಳದಲ್ಲಿ ಒಂದು ಹಿಪ್ಪುನೇರಳೆ ಮರ. ಜೂನ್ ತಿಂಗಳಾದ್ದರಿಂದ ಹಣ್ಣು ಉದುರಿ ಉದುರಿ, ಕೆಳಗೆ ಸಾಲಾಗಿ ನಿಂತ ಬೈಕುಗಳ ಸೀಟು, ಟ್ಯಾಂಕುಗಳ ಮೇಲೆಲ್ಲ ನೇರಳೆ ಕಲೆ. ಮೆಕ್ಯಾನಿಕ್ ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ಗಾಡಿಗಳನ್ನು ನಮ್ಮ ಮುಂದೆ ತಂದು ನಿಲ್ಲಿಸಿದ. ಯಮಹಾ, ಒಂದೇ ಸಿಲಿಂಡರು, 600 ಸಿಸಿ, ಕಾರ್ಬುರೇಟರ್ ಇರುವ ಹಳೇ ಮಾಲು. ಸೆನ್ಸಾರಿಲ್ಲ, ಸ್ಕ್ರೀನಿಲ್ಲ, ಕೆಟ್ಟರೆ ದಾರಿಬದಿ ಸ್ಪ್ಯಾನರ್ ಹಿಡಿದು ಕೂತು ಬಿಚ್ಚಬಹುದಾದ ಗಾಡಿ. ಮುಂದಿನ ಪೆಟ್ರೋಲ್ ಬಂಕ್ ಎಲ್ಲಿ ಅಂತ ಕೇಳಿದೆವು. ಸಾರಿತಾಶ್ ಎಂದ. ಅದರ ಮುಂದಿನದು? ನಕ್ಕುಬಿಟ್ಟ.

ನನ್ನ ಜೊತೆ ಹೊರಟವನು ಮಾಣಿ. ನಲವತ್ತು ದಾಟಿದೆ, ಶಿವಮೊಗ್ಗದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತಾನೆ, ಆದರೆ ಸಾಗರದ ಕಡೆಯ ನಮ್ಮೂರಿನಲ್ಲಿ ಈಗಲೂ ಅವನು ಮಾಣಿಯೇ. ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ಸುರಿದು ಬಂದಿದ್ದ. ನಾವು ಹಿಡಿಯಬೇಕಾದ ದಾರಿಯ ಹೆಸರು ಎಂ-41, ಲೋಕವೆಲ್ಲ ಕರೆಯುವುದು ಪಾಮಿರ್ ಹೆದ್ದಾರಿ ಎಂದು. 1930ರ ದಶಕದ ಆರಂಭದಲ್ಲಿ ಸೋವಿಯೆತ್ ಸರ್ಕಾರ ಕಿರ್ಗಿಸ್ತಾನದ ಓಶ್‌ನಿಂದ ತಜಿಕಿಸ್ತಾನದ ಖೊರೋಗ್‌ವರೆಗೆ ಬೆಟ್ಟ ಕಡಿದು ಮಾಡಿದ ದಾರಿ ಅದು. ನಮ್ಮದು ಓಶ್‌ನಿಂದ ಹೊರಟು, ಮುರ್ಗಾಬ್ ದಾಟಿ, ಅಫ್ಘಾನಿಸ್ತಾನದ ಗಡಿಗುಂಟ ವಾಖಾನ್ ಕಣಿವೆಯಲ್ಲಿ ಇಳಿದು, ಖೊರೋಗ್ ನೋಡಿ, ಮತ್ತೆ ಬೆಟ್ಟ ಹತ್ತಿ ಓಶ್‌ಗೇ ಮರಳುವ ಸುತ್ತು. 2019ರ ಬೇಸಿಗೆ. ಆಗ ಭಾರತೀಯರಿಗೆ ಎರಡೂ ದೇಶಗಳ ವೀಸಾ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಸಿಗುತ್ತಿತ್ತು. ಪಾಮಿರ್ ಸೀಮೆಗೆ ಪ್ರತ್ಯೇಕ ಪರ್ಮಿಟ್ ಬೇಕಿತ್ತು. ಅದೂ ವೀಸಾದ ಜೊತೆಗೇ ಬರುತ್ತಿತ್ತು.

ಓಶ್‌ನ ಬಜಾರಿನಲ್ಲಿ ಒಣಗಿದ ಜರ್ದಾಳು ಕೊಳ್ಳುತ್ತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು. ಕಲಬುರಗಿ ಕಡೆಯ ಹುಡುಗ, ಅಲ್ಲೇ ಎಂಬಿಬಿಎಸ್ ಓದುತ್ತಿದ್ದ. ಕಿರ್ಗಿಸ್ತಾನದಲ್ಲಿ ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದಾರೆ, ಹಾಗಾಗಿ ಆಶ್ಚರ್ಯವೇನಲ್ಲ. ನಮ್ಮ ಹೆಲ್ಮೆಟ್ಟು, ಮಂಡಿಚಿಪ್ಪಿನ ಗಾರ್ಡು, ಬೆನ್ನ ಮೇಲಿನ ನೀರಿನ ಚೀಲ ಎಲ್ಲ ನೋಡಿ ಅವನು ಕೇಳಿದ್ದಿಷ್ಟೇ: “ಬೈಕ್ ಮ್ಯಾಲ ಪಾಮಿರಕ್ಕ ಹೊಂಟೀರೇನ್ರಿ ಸರ್? ಮನಿಯಾಗ ಯಾರೂ ಹೇಳವ್ರಿಲ್ಲೇನ್ರಿ ನಿಮಗ?”

ಊರ ನಡುವೆಯೇ ಸುಲೈಮಾನ್ ತೋ ಎಂಬ ಕಲ್ಲುಗುಡ್ಡ. 2009ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅದರ ನೆತ್ತಿಯ ಮೇಲೆ ಹದಿಹರೆಯದ ಬಾಬರ್ ತನಗೊಂದು ಪುಟ್ಟ ಕೋಣೆ ಕಟ್ಟಿಸಿಕೊಂಡಿದ್ದ. ದಿಲ್ಲಿ, ಪಾಣಿಪತ್ ಎಲ್ಲ ಇನ್ನೂ ದೂರವಿದ್ದ ಕಾಲ. ಈಗ ಅಲ್ಲಿರುವುದು ಮತ್ತೆ ಕಟ್ಟಿದ್ದು. ಮಕ್ಕಳಾಗಲೆಂದು ಹೆಂಗಸರು ನುಣುಪಾದ ಬಂಡೆಯೊಂದರ ಮೇಲೆ ಜಾರುತ್ತಿದ್ದರು. ತಲೆಮಾರುಗಳಿಂದ ಜಾರಿ ಜಾರಿ ಬಂಡೆ ಕನ್ನಡಿಯಂತೆ ಹೊಳೆಯುತ್ತಿತ್ತು.

ಓಶ್‌ನಿಂದ ಸಾರಿತಾಶ್‌ವರೆಗೆ ರಸ್ತೆಗೆ ಒಳ್ಳೆಯ ಡಾಂಬರು. ತಾಲ್ದಿಕ್ ಕಣಿವೆದಾರಿ 3600 ಮೀಟರಿಗೆ ಏರುತ್ತದೆ. ಹಸಿರು ಇಳಿಜಾರಿನಲ್ಲಿ ಬಿಳಿ ಯುರ್ಟ್ ಗುಡಾರಗಳು, ಅವುಗಳ ಹೊಗೆ, ಹಗ್ಗಕ್ಕೆ ಕಟ್ಟಿದ ಕುದುರೆ ಮರಿಗಳು. ದಾರಿಬದಿಯಲ್ಲಿ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಹುಳಿ ಹಿಡಿಸಿದ ಕುದುರೆ ಹಾಲು ಮಾರುವ ಅಜ್ಜಿಯರು. ನಾನು ಕುಡಿದೆ. ಮಾಣಿ ಮೂಸಿ ವಾಪಸು ಕೊಟ್ಟ. ಸಾರಿತಾಶ್‌ಗೆ ಇಳಿಯುವ ಕೊನೆಯ ತಿರುವಿನಲ್ಲಿ ಎದುರಿಗೆ ಅಲಾಯ್ ಕಣಿವೆ ಸಮತಟ್ಟಾಗಿ ಚಾಚಿಕೊಂಡಿದೆ, ಅದರಾಚೆ ಹಿಮದ ಗೋಡೆ. ಗೋಡೆ ಅಂದರೆ ಗೋಡೆಯೇ. ಬುಡದ ಗುಡ್ಡಗಳ ಪೀಠಿಕೆಯಿಲ್ಲದೆ ನೇರ ಹುಲ್ಲಿನಿಂದಲೇ ಎದ್ದು ನಿಂತದ್ದು. ಅದರಲ್ಲಿ 7134 ಮೀಟರಿನ ಲೆನಿನ್ ಶಿಖರವೂ ಒಂದು. ನಾಳೆ ನಾವು ದಾಟಬೇಕಾದ್ದು ಈ ಗೋಡೆಯನ್ನೇ ಎಂದು ಹೇಳಲು ನಾನು ಹಿಂದಿರುಗಿ ನೋಡಿದರೆ ಮಾಣಿ ಅರ್ಧ ಕಿಲೋಮೀಟರ್ ಹಿಂದಿದ್ದ.

ಇಬ್ಬರು ಜೊತೆಗೆ ಬೈಕಿನಲ್ಲಿ ಹೋಗುವುದೆಂದರೆ ಹೀಗೇ. ಕಾರಿನಲ್ಲಾದರೆ ಇಡೀ ದಿನ ಮಾತು, ಜಗಳ, ಹಾಡು. ಬೈಕಿನಲ್ಲಿ ಇಡೀ ದಿನ ಒಬ್ಬರಿಗೊಬ್ಬರು ಕಾಣುತ್ತೇವೆ, ಮಾತಿಲ್ಲ. ಇಂಟರ್‌ಕಾಮ್ ಹಾಕಿಸೋಣವೆಂದು ನಾನು ಹೇಳಿದ್ದೆ. ಬೇಡ, ಕ್ಲಾಸಿನಲ್ಲಿ ಮಾತಾಡುವುದೇ ಸಾಕಾಗಿದೆ ಎಂದಿದ್ದ. ಡಾಂಬರು ಮುಗಿದ ಮೇಲೆ ಮುಂದಿನವನ ಧೂಳು ಹಿಂದಿನವನ ಬಾಯಿಗೆ. ಹಾಗಾಗಿ ಅಂತರ ಇನ್ನೂ ಹೆಚ್ಚಬೇಕು. ಕನ್ನಡಿಯಲ್ಲಿ ಒಂದು ಸಣ್ಣ ಬೆಳಕಿನ ಚುಕ್ಕೆ, ಅದರ ಹಿಂದೆ ಎದ್ದ ಧೂಳಿನ ಬಾಲ: ಇಷ್ಟೇ ನನ್ನ ಗೆಳೆಯ. ಚುಕ್ಕೆ ಕಾಣದಿದ್ದರೆ ನಿಲ್ಲಿಸಬೇಕು, ಐದು ನಿಮಿಷ ಕಾಯಬೇಕು, ಆಮೇಲೂ ಬರದಿದ್ದರೆ ಹಿಂದೆ ತಿರುಗಬೇಕು. ಇದೊಂದೇ ನಮ್ಮ ನಡುವಿನ ಕರಾರು. ಹಿಂದಿರುವವನನ್ನು ಕಾಯುತ್ತ ರಸ್ತೆ ಮಧ್ಯೆ ಹೆಲ್ಮೆಟ್ ತೆಗೆದು ನಿಂತಾಗ ಮಾತ್ರ ಆ ಎತ್ತರದ ಮೌನ ಎಷ್ಟೆಂದು ತಿಳಿಯುತ್ತದೆ. ಇಂಜಿನ್ ತಣ್ಣಗಾಗುವ ಟಿಕ್ ಟಿಕ್ ಬಿಟ್ಟರೆ ಏನಿಲ್ಲ.

ಕಿಜಿಲ್ ಆರ್ಟ್ ಕಣಿವೆದಾರಿಯ ಮಣ್ಣು ಕೆಂಪು. ಹಿಂದಿನ ರಾತ್ರಿ ಮಳೆಯಾಗಿತ್ತೋ ಹಿಮ ಕರಗಿತ್ತೋ, ದಾರಿಯೆಲ್ಲ ರಾಡಿ. ಟೈರಿನ ಗೀರುಗಳೆಲ್ಲ ಮುಚ್ಚಿ ಮುಂದಿನ ಚಕ್ರ ತನಗೆ ತೋಚಿದ ಕಡೆ ಹೋಗುತ್ತಿತ್ತು. ಕಾಲು ಇಳಿಬಿಟ್ಟು, ಫಸ್ಟ್ ಗೇರಿನಲ್ಲಿ ತೆವಳಿದೆವು. ಕಿರ್ಗಿಸ್ತಾನದ ಚೌಕಿಗೂ ತಜಿಕಿಸ್ತಾನದ ಚೌಕಿಗೂ ನಡುವೆ ಸುಮಾರು 20 ಕಿಲೋಮೀಟರ್ ಯಾರದೂ ಅಲ್ಲದ ನೆಲ. ಬೆಟ್ಟದ ನೆತ್ತಿಯಲ್ಲಿ, 4200 ಮೀಟರ್ ದಾಟಿದ ಮೇಲೆ, ತಗಡಿನ ಗೂಡುಗಳಲ್ಲಿ ತಜಿಕ್ ಸೈನಿಕರು. ಒಂದು ಗೂಡಿನಲ್ಲಿ ಪಾಸ್‌ಪೋರ್ಟು, ಇನ್ನೊಂದರಲ್ಲಿ ಗಾಡಿ ಕಾಗದ, ಮತ್ತೊಂದರಲ್ಲಿ ಚಕ್ರಕ್ಕೆ ಔಷಧಿ ಹೊಡೆದ ಲೆಕ್ಕ. ಪಾಸ್‌ಪೋರ್ಟ್ ನೋಡಿದ ಹುಡುಗ ತಲೆಯೆತ್ತಿ, ಕಣ್ಣರಳಿಸಿ, “ಹಿಂದುಸ್ತಾನ್! ಮಿಥುನ್!” ಎಂದ. ಮಿಥುನ್ ಹೆಸರನ್ನು ಸೋವಿಯೆತ್ ನಾಡಿಗೂ ತಲುಪಿಸಿದ ‘ಡಿಸ್ಕೋ ಡಾನ್ಸರ್’ ಸಿನಿಮಾ ಬಂದದ್ದು 1982ರಲ್ಲಿ. ಈ ಹುಡುಗ ಹುಟ್ಟುವ ಮೊದಲೇ ಸೋವಿಯೆತ್ ಒಕ್ಕೂಟ ಮುಗಿದಿತ್ತು. ಆದರೂ ಹೆಸರು ತಂದೆಯಿಂದ ಮಗನಿಗೆ ದಾಟಿತ್ತು.

ಮರುವರ್ಷ ಕೋವಿಡ್‌ಗೆಂದು ಈ ಗಡಿಯ ಬಾಗಿಲು ಮುಚ್ಚಿತು. ಆಮೇಲೆ ಎರಡು ದೇಶಗಳ ನಡುವೆ ಗಡಿಜಗಳವೇ ಎದ್ದು ಗುಂಡು ಹಾರಿದವು. 2025ರ ಮಾರ್ಚಿನಲ್ಲಿ ಇಬ್ಬರು ಅಧ್ಯಕ್ಷರೂ ಒಪ್ಪಂದಕ್ಕೆ ಸಹಿ ಹಾಕಿದರು. ನಾವು ಹೋದಾಗ ಇದೊಂದೂ ಗೊತ್ತಿರಲಿಲ್ಲ; ಸಾಲಿನಲ್ಲಿ ನಮ್ಮ ಮುಂದಿದ್ದ ಒಬ್ಬ ಸೈಕಲ್ ಸವಾರ ತಡವಾಯಿತೆಂದು ಗೊಣಗುತ್ತಿದ್ದ.

ಇಳಿದರೆ ಕರಾಕುಲ್ ಸರೋವರ. ನೀಲಿಯ ಬಗ್ಗೆ ಹೇಳಿ ಪ್ರಯೋಜನವಿಲ್ಲ, ಅದು ಗಳಿಗೆಗೊಂದು ಥರ ಇತ್ತು. ಮೋಡ ಬಂದರೆ ಸೀಸದ ಬಣ್ಣ. ಯಾವುದೋ ಕಾಲದಲ್ಲಿ ಆಕಾಶದಿಂದ ಬಿದ್ದ ಬಂಡೆಯೊಂದು ತೋಡಿದ, ಸುಮಾರು 52 ಕಿಲೋಮೀಟರ್ ಅಗಲದ ಕುಳಿಯಲ್ಲಿ ನಿಂತ ನೀರು. ಬರುವ ತೊರೆಗಳಿವೆ, ಹೊರಗೆ ಹೋಗುವ ದಾರಿಯಿಲ್ಲ. ಹಾಗಾಗಿ ನೀರು ಉಪ್ಪುಪ್ಪು. ದಂಡೆಯ ಮೇಲೆ ಸುಣ್ಣ ಬಳಿದ ಚೌಕ ಮನೆಗಳ ಹಳ್ಳಿ, ಮರವೆಂಬುದು ಒಂದೂ ಇಲ್ಲ. ಒಲೆಗೆ ಸಗಣಿ ಬೆರಣಿ ಮತ್ತು ತೆರೆಸ್ಕೆನ್ ಎಂಬ ಗಿಡ್ಡ ಪೊದೆಯ ಬೇರು. ಆ ಪೊದೆ ಬೆಳೆಯಲು ವರ್ಷಾನುವರ್ಷ ಬೇಕು, ಉರಿದು ಹೋಗಲು ಅರ್ಧ ಗಂಟೆ ಸಾಕು. ಪ್ರತಿ ಮನೆಯ ಹಿತ್ತಿಲಲ್ಲಿ ಅದರ ರಾಶಿ ನೋಡಿದಾಗ, ಇನ್ನೆಷ್ಟು ಚಳಿಗಾಲಕ್ಕೆ ಬರುತ್ತದೋ ಇದು ಅನ್ನಿಸಿತು.

ಆ ರಾತ್ರಿ ಉಳಿದ ಮನೆಯಲ್ಲಿ ಚಹಾ ಕುದಿಯುತ್ತಿತ್ತು, ಆದರೆ ಬಾಯಿಗಿಟ್ಟರೆ ಎಂದಿನಷ್ಟು ಸುಡಲಿಲ್ಲ. ಮಾಣಿಗೆ ಇದಕ್ಕಿಂತ ಬೇರೆ ಹಬ್ಬ ಬೇಕೆ? ಇಷ್ಟು ಎತ್ತರದಲ್ಲಿ ನೀರು 87 ಡಿಗ್ರಿಗೆಲ್ಲ ಕುದಿಯುತ್ತದೆ, ಅನ್ನ ಸರಿಯಾಗಿ ಬೇಯುವುದಿಲ್ಲ, ಬೇಳೆಯಂತೂ ಮರೆತುಬಿಡು ಎಂದು ಅರ್ಧ ಗಂಟೆ ಪಾಠ ಮಾಡಿದ. ಸಸ್ಯಾಹಾರಿಯಾದ ಅವನಿಗೆ ಅಲ್ಲಿ ಸಿಗುತ್ತಿದ್ದದ್ದು ರೊಟ್ಟಿ, ಬೆಣ್ಣೆ, ಯಾಕ್ ಹಾಲಿನ ಕೆನೆ, ಆಲೂಗಡ್ಡೆ. ಅದಕ್ಕೇ ಊರಿಂದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಪ್ಯಾಕೆಟ್ ಮಾಡಿಸಿ ತಂದಿದ್ದ. ಚೀಲದಿಂದ ತೆಗೆದರೆ ಪ್ಯಾಕೆಟ್ ಊದಿಕೊಂಡು ದಿಂಬಾಗಿದೆ. ಹೊರಗಿನ ಗಾಳಿಯ ಒತ್ತಡ ಕಡಿಮೆ, ಒಳಗಿನದು ಶಿವಮೊಗ್ಗದ್ದು! ಹಲ್ಲಿನಿಂದ ಕಚ್ಚಿ ಹರಿಯಲು ಹೋದ. ಟಪ್ ಎಂದು ಒಡೆದು ರಸ ಅವನ ಕನ್ನಡಕಕ್ಕೂ, ಎದುರು ಕೂತ ಮನೆಯಾಕೆಯ ಮೇಜುಬಟ್ಟೆಗೂ ಹಾರಿತು. ಆಕೆ ಬೈಯಲಿಲ್ಲ. ಬೆರಳಲ್ಲಿ ಮುಟ್ಟಿ ನಾಲಗೆಗೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಎದ್ದು ಹೋಗಿ ಮಗಳನ್ನು ಕರೆದುಕೊಂಡು ಬಂದಳು.

ರಾತ್ರಿಯಿಡೀ ಇಬ್ಬರಿಗೂ ತಲೆ ಸಿಡಿತ. ನಿದ್ದೆ ಹತ್ತಿದ ಕೂಡಲೇ ಉಸಿರು ಕಟ್ಟಿದಂತಾಗಿ ಎಚ್ಚರ. ಎತ್ತರದ ಊರಿನಲ್ಲಿ ಇದು ಮಾಮೂಲು; ಗೊತ್ತಿದ್ದರೂ ಭಯ ಬಿಡುವುದಿಲ್ಲ.

ಬೆಳಗ್ಗೆ ಮುರ್ಗಾಬ್ ದಾರಿ. ಎಡಕ್ಕೆ ಮೈಲುಗಟ್ಟಲೆ ಮುಳ್ಳುತಂತಿ ಬೇಲಿ, ಸೋವಿಯೆತ್ ಕಾಲದ್ದು, ಆಚೆಗೆ ಚೀನಾ. ಅಲ್ಲಲ್ಲಿ ಕಂಬ ಕಿತ್ತು ಒಲೆಗೆ ಹೋಗಿದೆ. 2011ರಲ್ಲಿ ತಜಿಕಿಸ್ತಾನ ಸುಮಾರು ಸಾವಿರ ಚದರ ಕಿಲೋಮೀಟರ್ ಪಾಮಿರ್ ನೆಲವನ್ನು ಚೀನಾಕ್ಕೆ ಬಿಟ್ಟುಕೊಟ್ಟಿತು. ಆ ನೆಲವನ್ನು ನೋಡಿದರೆ ಯಾರಿಗೆ ಯಾಕೆ ಬೇಕಿತ್ತು ಅನ್ನಿಸುತ್ತದೆ. ಕಲ್ಲು, ಗಾಳಿ, ಮತ್ತೆ ಕಲ್ಲು. ರಸ್ತೆಯೂ ಅಷ್ಟೆ. ಮಣ್ಣು ರಸ್ತೆಯ ಮೇಲೆ ಲಾರಿಗಳು ಓಡಿ ಓಡಿ ಅಡ್ಡಡ್ಡ ಏಣುಗಳೆದ್ದಿವೆ. ಮಂಗಳೂರು ಹೆಂಚಿನ ಮಾಡಿನ ಮೇಲೆ ಗಾಡಿ ಓಡಿಸಿದ ಹಾಗೆ. ನಿಧಾನ ಹೋದರೆ ಹಲ್ಲು ಕಟಕಟ, ಜೋರಾಗಿ ಹೋದರೆ ಚಕ್ರ ಏಣಿಂದ ಏಣಿಗೆ ಹಾರುತ್ತ ಕುಲುಕಾಟ ಕಡಿಮೆ, ಆದರೆ ಬ್ರೇಕಿಗೆ ಅರ್ಥವಿಲ್ಲ. ಪೆಗ್ ಮೇಲೆ ಎದ್ದು ನಿಂತು, ಮಂಡಿ ಸಡಿಲ ಬಿಟ್ಟು, ಗಾಡಿ ತನ್ನಷ್ಟಕ್ಕೆ ಕುಣಿಯಲೆಂದು ಬಿಡಬೇಕು.

ಅಕ್‌ಬೈತಾಲ್ ಕಣಿವೆದಾರಿ 4655 ಮೀಟರ್, ಇಡೀ ಹೆದ್ದಾರಿಯಲ್ಲೇ ಅತಿ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಕಾರ್ಬುರೇಟರಿಗೆ ಅದು ಗೊತ್ತಾಗುವುದಿಲ್ಲ, ಪೆಟ್ರೋಲ್ ಮಾತ್ರ ಎಂದಿನಷ್ಟೇ ಸುರಿಯುತ್ತದೆ. ಕಪ್ಪು ಹೊಗೆ, ಕೆಮ್ಮು, ಏದುಸಿರು. 600 ಸಿಸಿ ಗಾಡಿ ಹಳೇ ಮೊಪೆಡ್ಡಿನಷ್ಟು ಎಳೆಯಿತು. ಮಾಣಿಯ ಗಾಡಿ ನೆತ್ತಿಗೆ ಇನ್ನೂರು ಮೀಟರ್ ಇರುವಾಗ ನಿಂತೇಬಿಟ್ಟಿತು. ಏರ್ ಫಿಲ್ಟರ್ ತೆಗೆದು ಕೊಡವಿ ಹಾಕಿದೆವು. ಆ ಸಣ್ಣ ಕೆಲಸಕ್ಕೇ ಇಬ್ಬರೂ ನೆಲದ ಮೇಲೆ ಕೂತು ಸುಧಾರಿಸಿಕೊಳ್ಳಬೇಕಾಯಿತು. “ಗಾಡಿಗೂ ನಮಗೂ ಒಂದೇ ರೋಗ ಮಾರಾಯ” ಎಂದ ಮಾಣಿ. ಮಾತಿನ ನಡುವೆ ಎರಡು ಸಲ ಉಸಿರೆಳೆದುಕೊಂಡ.

ಮುರ್ಗಾಬ್ ಬಜಾರು ಪೂರಾ ಕಬ್ಬಿಣದ ಕಂಟೇನರುಗಳದ್ದು. ಹಡಗಿನಲ್ಲಿ ಸಾಮಾನು ಬರುವ ಡಬ್ಬಗಳನ್ನೇ ಎರಡು ಸಾಲಾಗಿ ನಿಲ್ಲಿಸಿ, ಬಾಗಿಲು ಕೊರೆದು ಅಂಗಡಿ ಮಾಡಿದ್ದಾರೆ. ಸಮುದ್ರದಿಂದ ಇಷ್ಟು ದೂರದ ಊರು, ಅಲ್ಲಿ ಹಡಗಿನ ಪೆಟ್ಟಿಗೆಗಳು. ಚೀನಾದ ಥರ್ಮಾಸು, ರಷ್ಯಾದ ಚಾಕೊಲೇಟು, ಬಾಡಿದ ಕ್ಯಾರೆಟ್ಟು. ಲೆನಿನ್ನನ ಬಿಳಿಯ ಪ್ರತಿಮೆಯೊಂದು ಯಾರಿಗೂ ಬೇಡವಾಗಿಯೂ ಅಲ್ಲೇ ನಿಂತಿದೆ. ಪೆಟ್ರೋಲ್ ಸಿಕ್ಕಿದ್ದು ಒಬ್ಬ ಮುದುಕನ ಹಿತ್ತಿಲಲ್ಲಿ. ಡ್ರಮ್ಮಿಗೆ ಪೈಪು ಹಾಕಿ ಬಾಯಲ್ಲಿ ಎಳೆದು ಬಕೆಟ್ಟಿಗೆ ಬಿಟ್ಟ, ಬಕೆಟ್ಟಿನಿಂದ ಲಾಳಿಕೆಗೆ, ಲಾಳಿಕೆಗೆ ಹಳೇ ಕಾಲುಚೀಲದ ಸೋಸಣಿಗೆ. ಕಾಲುಚೀಲದಲ್ಲಿ ಉಳಿದ ಕಸ ನೋಡಿ ನಾನು ಟ್ಯಾಂಕಿನ ಮುಚ್ಚಳ ಮುಚ್ಚಿ ಕೈ ಮುಗಿದೆ.

ಅಲಿಚೂರ್ ದಾಟಿ ಸ್ವಲ್ಪ ದೂರಕ್ಕೆ ಎಂ-41 ಬಿಟ್ಟು ಎಡಕ್ಕೆ ತಿರುಗಬೇಕು. ಮರಳು, ಗುಂಡಿ, ಖರ್ಗೂಶ್ ಕಣಿವೆದಾರಿ. ಇಳಿದ ಕಡೆ ಸೈನಿಕರ ಚೌಕಿ, ಹೆಸರು ಬರೆದುಕೊಳ್ಳುವ ದೊಡ್ಡ ಪುಸ್ತಕ. ಅಲ್ಲಿಂದ ಮುಂದೆ ಬಲಕ್ಕೆ ಗುಡ್ಡ, ಎಡಕ್ಕೆ ಕೆಳಗೆ ಪಾಮಿರ್ ನದಿ. ನದಿಯ ಆಚೆ ದಡ ಅಫ್ಘಾನಿಸ್ತಾನ.

ಗಡಿಯೆಂದರೆ ನಾನು ಬೇಲಿ, ದೀಪ, ಕಾವಲುಗೋಪುರ ಎಂದುಕೊಂಡಿದ್ದೆ. ಇಲ್ಲಿ ಅದು ಕಲ್ಲೆಸೆದರೆ ಆಚೆ ಬೀಳುವಷ್ಟು ಅಗಲದ ನೀರು. ಆಚೆಗೂ ಅದೇ ಮಣ್ಣು. ಒಂದು ಕಡೆ ಎರಡು ಡುಬ್ಬದ ಒಂಟೆಗಳ ಸಾಲು ಮೇಯುತ್ತಿತ್ತು. ಕಾಯುವವನು ಕೋಲೂರಿ ನಿಂತು ನಮ್ಮನ್ನೇ ನೋಡುತ್ತಿದ್ದ. ಅವನ ಬೆನ್ನ ಹಿಂದೆ ಅಫ್ಘಾನಿಸ್ತಾನದ ವಾಖಾನ್ ಪಟ್ಟಿ. ಅತಿ ಕಿರಿದಾದ ಕಡೆ ಅದರ ಅಗಲ 15 ಕಿಲೋಮೀಟರ್ ಆಸುಪಾಸು, ಅಷ್ಟೆ. ಅದರಾಚೆ ಹಿಂದೂಕುಶ್. ಹಿಂದೂಕುಶ್‌ನ ಆಚೆ ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಇಂಡಿಯಾ. ಈಚೆ ರಷ್ಯಾದ ಚಕ್ರವರ್ತಿ, ಆಚೆ ವಿಕ್ಟೋರಿಯಾ ರಾಣಿ. ಇಬ್ಬರ ನೆಲವೂ ಒಂದನ್ನೊಂದು ಮುಟ್ಟಬಾರದೆಂದು ನಡುವೆ ಒಂದು ಪಟ್ಟಿ ಬಿಟ್ಟು ಅದನ್ನು ಅಫ್ಘನ್ ಅಮೀರನ ಕೊರಳಿಗೆ ಕಟ್ಟಿದರು. 1873ರಲ್ಲಿ ನದಿಯೇ ಗಡಿ ಎಂದು ಮಾತಾಯಿತು, 1895ರಲ್ಲಿ ಎರಡೂ ಕಡೆಯ ಅಧಿಕಾರಿಗಳು ಇಲ್ಲಿಗೇ ಬಂದು ಉಳಿದ ಗೆರೆಯನ್ನೂ ಎಳೆದು ಹೋದರು. ನದಿಯ ಎರಡೂ ದಡದಲ್ಲಿ ಒಂದೇ ವಾಖಿ ಭಾಷೆ ಆಡುವ, ಒಂದೇ ಇಸ್ಮಾಯಿಲಿ ಪಂಥದ, ಹೆಣ್ಣು ಕೊಟ್ಟು ತಂದುಕೊಂಡಿದ್ದ ಜನ. ಅವರನ್ನು ಯಾರೂ ಕೇಳಲಿಲ್ಲ. ಕೇಳುವುದು ಆ ಕಾಲದ ರೂಢಿಯಾಗಿರಲಿಲ್ಲ. ಅಂಥ ರೂಢಿ ಈಗಲೂ ಏನು ಬೆಳೆದಿದೆ ಬಿಡಿ.

ಗೆರೆ ಇಲ್ಲದಿದ್ದ ಕಾಲದಲ್ಲಿ ಈ ಕಣಿವೆಯಲ್ಲಿ ಹಾದುಹೋದವರಲ್ಲಿ ನಮಗೆ ಪರಿಚಿತನೊಬ್ಬನಿದ್ದಾನೆ, ಹ್ಯೂಯೆನ್‌ತ್ಸಾಂಗ್. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯ ಕಂಡು, ಹರ್ಷನಿಗೂ ಮಣಿಯದ ಅಲ್ಲಿನ ಜನರ ಪೌರುಷವನ್ನು ಬರೆದಿಟ್ಟ ಅದೇ ಭಿಕ್ಷು, ಕೆಲವೇ ವರ್ಷಗಳ ಮೇಲೆ ಚೀನಾಕ್ಕೆ ಮರಳುವಾಗ ಹಿಡಿದದ್ದು ಪಾಮಿರ್ ದಾರಿಯನ್ನು. ಬೇಸಿಗೆಯಲ್ಲೂ ಬೀಳುವ ಹಿಮ, ಹಗಲಿರುಳು ಬೀಸುವ ಗಾಳಿಯ ಬಗ್ಗೆ ಬರೆದಿದ್ದಾನೆ. ನನಗೆ ಇಷ್ಟವಾದ ವಿವರ ಬೇರೆ: ಹರ್ಷ ಕೊಟ್ಟ ಆನೆಯೊಂದು ಅವನ ಜೊತೆಗಿತ್ತು. ಆ ಬಡಪಾಯಿ ಪಾಮಿರ್ ಹತ್ತಿ ಇಳಿದು, ಆಚೆಯ ಬೆಟ್ಟಗಳಲ್ಲಿ ಕಳ್ಳರು ಮೇಲೆ ಬಿದ್ದಾಗ ಬೆದರಿ ಓಡಿ ನೀರಿನಲ್ಲಿ ಮುಳುಗಿತು. ಈ ಗಾಳಿಯಲ್ಲಿ, ಈ ಕಲ್ಲಿನಲ್ಲಿ, ಹಸಿರು ಮೇವಿಲ್ಲದ ಈ ನೆಲದಲ್ಲಿ ಒಂದು ಆನೆ ನಡೆದುಹೋಯಿತು! ಮಾಣಿಗೆ ಹೇಳಿದಾಗ ಅವನು ಬಹಳ ಹೊತ್ತು ಲೆಕ್ಕ ಹಾಕಿ, “ದಿನಕ್ಕೆ ನೂರೈವತ್ತು ಕೇಜಿ ಮೇವು ಎಲ್ಲಿಂದ ತಂದ ಅಂವ?” ಎಂದು ಕೇಳಿದ.

ಲಂಗರ್ ಹಳ್ಳಿಯಲ್ಲಿ ಪಾಮಿರ್ ನದಿಯೂ ವಾಖಾನ್ ನದಿಯೂ ಕೂಡಿ ಪಂಜ್ ಆಗುತ್ತವೆ. ಅಷ್ಟು ದಿನ ಬೋಳು ನೆಲವನ್ನೇ ಕಂಡಿದ್ದ ಕಣ್ಣಿಗೆ ಒಮ್ಮೆಲೇ ಪಾಪ್ಲರ್ ಮರಗಳ ಸಾಲು, ಗೋಧಿ ಗದ್ದೆ, ಗದ್ದೆಗೆ ಹರಿವ ಕಾಲುವೆಯ ಸದ್ದು. ಹುಡುಗರು ದಾರಿಗೆ ಓಡಿ ಬಂದು ಕೈ ಚಾಚಿ ನಿಲ್ಲುತ್ತಾರೆ, ಹೋಗುತ್ತಾ ಅಂಗೈ ಬಡಿಯಬೇಕು. ದೊಡ್ಡವರು ಎದೆಯ ಮೇಲೆ ಕೈಯಿಟ್ಟು ತುಸು ಬಾಗುತ್ತಾರೆ. ಹ್ಯಾಂಡಲ್ ಬಿಟ್ಟು ಅವರಂತೆಯೇ ಎದೆ ಮುಟ್ಟಲು ಹೋಗಿ ಮಾಣಿ ಕಾಲುವೆಗೆ ಬೀಳುವುದರಲ್ಲಿದ್ದ.

ಪಾಮಿರಿ ಮನೆ ಹೊರಗಿನಿಂದ ಮಣ್ಣಿನ ದಿಬ್ಬ, ಒಳಗೆ ದೇವಸ್ಥಾನ. ದೊಡ್ಡ ಹಜಾರ, ಐದು ಮರದ ಕಂಬ. ಐದಕ್ಕೂ ಹೆಸರುಂಟು: ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್. ನಡುಮಾಡಿನಲ್ಲಿ ಒಂದರೊಳಗೊಂದು ಓರೆಯಾಗಿ ಕೂರಿಸಿದ ನಾಲ್ಕು ಚೌಕಗಳ ಬೆಳಕಿಂಡಿ. ನಾಲ್ಕು ಚೌಕ ನಾಲ್ಕು ಭೂತಗಳಂತೆ: ಮಣ್ಣು, ನೀರು, ಗಾಳಿ, ಬೆಂಕಿ. ಇಸ್ಲಾಂ ಬರುವ ಮೊದಲಿನ ಲೆಕ್ಕವೇ ಇರಬೇಕು ಅದು ಎನ್ನುತ್ತಾರೆ. ಗೋಡೆಯ ಮೇಲೆ ಇಸ್ಮಾಯಿಲಿಗಳ ಗುರು ಆಗಾ ಖಾನರ ಫೋಟೊ. 1992ರಿಂದ 97ರವರೆಗಿನ ಒಳಯುದ್ಧದ ದಿನಗಳಲ್ಲಿ ಈ ಕಣಿವೆಗಳಿಗೆ ಹಿಟ್ಟು ಬಂದದ್ದು ಅವರ ಸಂಸ್ಥೆಯ ಲಾರಿಗಳಲ್ಲಿ, ಅದೂ ನಾವು ಬಂದ ಇದೇ ಓಶ್ ದಾರಿಯಲ್ಲಿ. ಮನೆಯ ಯಜಮಾನ ಕೈಯಲ್ಲಿ ಮೂಟೆ ಹೊರುವಂತೆ ಮಾಡಿ ತೋರಿಸಿ ಫೋಟೊದ ಕಡೆ ನೋಡಿದ. ಬೆಳಗಿನ ತಿಂಡಿ ಶೀರ್ ಚಾಯ್: ಹಾಲು, ಬೆಣ್ಣೆ, ಉಪ್ಪು ಹಾಕಿದ ಚಹಾ, ಅದರಲ್ಲಿ ರೊಟ್ಟಿ ಮುರಿದು ಹಾಕಿ ಚಮಚದಲ್ಲಿ ತಿನ್ನುವುದು. ಮಾಣಿ ಎರಡು ಬೋಗುಣಿ ಮುಗಿಸಿದ, ಅವನ ಹೊಟ್ಟೆಗೆ ಸರಿಯಾಗಿ ಬಿದ್ದದ್ದು ಅಂದೇ.

ಇಶ್ಕಾಶಿಮ್‌ವರೆಗೆ ಪಂಜ್ ಅಗಲವಾಗಿ, ಹಲವು ಎಳೆಗಳಾಗಿ ಹರಿಯುತ್ತದೆ. ಅಲ್ಲಿ ಉತ್ತರಕ್ಕೆ ತಿರುಗಿದ ಮೇಲೆ ಬಂಡೆಗಳ ನಡುವೆ ಸಿಕ್ಕಿಕೊಂಡು ಕಿರಿದಾಗುತ್ತದೆ, ಬೂದಿ ಬಣ್ಣಕ್ಕೆ ತಿರುಗಿ ಅಬ್ಬರಿಸುತ್ತದೆ. ಈ ದಾರಿಯಲ್ಲೇ ಕೂಹೆ ಲಾಲ್ ಎಂಬ ಹಳೆಯ ಕೆಂಪುಹರಳಿನ ಗಣಿ. ಬದಕ್ಷಾನಿನ ಮಾಣಿಕ್ಯವೆಂದು ಹೆಸರಾದದ್ದು ಇಲ್ಲಿನ ಹರಳೇ. ನಿಜಕ್ಕೂ ಮಾಣಿಕ್ಯವಲ್ಲ, ಸ್ಪಿನೆಲ್. ರಾಜರುಗಳಿಗೆ ಈ ವ್ಯತ್ಯಾಸ ತಿಳಿಯಲು ನೂರಾರು ವರ್ಷ ಹಿಡಿಯಿತು.

ಅಂದು ಬೆಳಗ್ಗೆ ನಾನು ಹಿಂದಿದ್ದೆ, ಮಾಣಿ ಮುಂದೆ. ನೀರಿನ ಸದ್ದಿಗೆ ನಮ್ಮ ಇಂಜಿನ್ನೇ ಕೇಳಿಸುತ್ತಿರಲಿಲ್ಲ. ಕಣ್ಣಂಚಿನಲ್ಲಿ ಏನೋ ಚಲಿಸಿತು. ನೋಡಿದರೆ ಆಚೆ ದಡದಲ್ಲಿ, ಬಂಡೆಯ ಎದೆಗೆ ಅಂಟಿಕೊಂಡ ಕಾಲುದಾರಿಯಂಥ ರಸ್ತೆಯಲ್ಲಿ, ಒಂದು ಬೈಕು. ಸಣ್ಣ ಗಾಡಿ, 125 ಸಿಸಿ ಇರಬಹುದು. ಓಡಿಸುವವನ ತಲೆಗೆ ಬಿಳಿ ರುಮಾಲು, ಹಿಂದೆ ಒಬ್ಬ ಹುಡುಗ, ಹುಡುಗನ ಹಿಂದೆ ಹಸಿ ಹುಲ್ಲಿನ ಹೊರೆ. ಅವನೂ ನಮ್ಮನ್ನು ನೋಡಿದ್ದ. ನಡುವೆ ಐವತ್ತು ಅರವತ್ತು ಮೀಟರ್ ನೀರು.

ಅವನ ದಾರಿ ನಮ್ಮದಕ್ಕಿಂತ ಕೆಟ್ಟದ್ದು. ನಮ್ಮದರಲ್ಲಿ ಹರಿದುಹೋದ ಡಾಂಬರಿನ ಗುರುತಾದರೂ ಇತ್ತು. ಆದರೂ ಅವನು ಹಿಂದೆ ಬೀಳಲಿಲ್ಲ. ಬಂಡೆಯ ಚಾಚನ್ನು ಹತ್ತುವಾಗ ಮರೆಯಾಗುತ್ತಿದ್ದ, ಆಚೆ ಇಳಿದು ಮತ್ತೆ ಸಮನಾಗುತ್ತಿದ್ದ. ಮಾಣಿ ವೇಗ ತಗ್ಗಿಸಿದ. ಅವನೂ ತಗ್ಗಿಸಿದ. ನಾನು ಹಾರ್ನ್ ಬಾರಿಸಿದೆ, ಅದು ನೀರಿನ ಸದ್ದಿನಲ್ಲಿ ಎಲ್ಲಿಗೂ ಮುಟ್ಟಲಿಲ್ಲ. ಹಿಂದಿದ್ದ ಹುಡುಗ ಒಂದು ಹಿಡಿ ಹುಲ್ಲು ಕಿತ್ತು ತಲೆಯ ಮೇಲೆ ಬಾವುಟದಂತೆ ಬೀಸಿದ. ಮೇಲಿನಿಂದ ಒಂದು ತೊರೆ ಧುಮುಕಿ ಅವರ ದಾರಿಯನ್ನು ಕಡಿದಿದ್ದ ಜಾಗ ಬಂತು. ಅವನು ಗಾಡಿ ನಿಲ್ಲಿಸಿ, ಹುಡುಗನನ್ನು ಹೆಗಲ ಮೇಲೆ ಹೊತ್ತು ಆಚೆ ಬಿಟ್ಟು, ಮರಳಿ ಬಂದು ಹುಲ್ಲಿನ ಹೊರೆ ಹೊತ್ತು, ಮತ್ತೆ ಬಂದು ಗಾಡಿಯನ್ನು ಫಸ್ಟ್ ಗೇರಿನಲ್ಲಿ ಪಕ್ಕದಲ್ಲಿ ನಡೆಯುತ್ತ ನೂಕಿಕೊಂಡು ದಾಟಿದ. ನಾವೂ ನಿಂತು ನೋಡಿದೆವು. ಮಾಣಿ ಕ್ಯಾಮೆರಾ ತೆಗೆದ, ನಮ್ಮ ದಡದಲ್ಲಿ ಕೋವಿ ಹೊತ್ತು ನಡೆದು ಬರುತ್ತಿದ್ದ ತಜಿಕ್ ಸೈನಿಕರನ್ನು ನೋಡಿ ಒಳಗಿಟ್ಟ.

ತಜಿಕಿಸ್ತಾನದ ಗಡಿಯಾರ ಅಫ್ಘಾನಿಸ್ತಾನಕ್ಕಿಂತ ಅರ್ಧ ಗಂಟೆ ಮುಂದೆ. ನಮ್ಮ ಕೈಯಲ್ಲಿ ಹನ್ನೊಂದಾದಾಗ ಅವನಿಗೆ ಹತ್ತೂವರೆ. ಅವನು ಅರ್ಧ ಗಂಟೆ ಹಿಂದಿದ್ದುಕೊಂಡೇ ನಮ್ಮ ಪಕ್ಕದಲ್ಲಿ ಬರುತ್ತಿದ್ದಾನೆ ಎಂದು ಆಮೇಲೆ ಮಾಣಿ ತಮಾಷೆ ಮಾಡಿದ. ಆ ಹೊತ್ತಿಗೆ ನನಗೆ ಹೊಳೆದದ್ದು ಇಷ್ಟೆ: ಇಷ್ಟು ದಿನ ಮಾಣಿಯ ಜೊತೆ ಹೇಗೆ ಸವಾರಿ ಮಾಡಿದ್ದೆನೋ ಇವನ ಜೊತೆಗೂ ಹಾಗೇ ಮಾಡುತ್ತಿದ್ದೇನೆ. ಕಾಣುತ್ತಾನೆ, ಕಾಯುತ್ತಾನೆ, ಮಾತಿಲ್ಲ. ವ್ಯತ್ಯಾಸವೆಂದರೆ ಸಂಜೆ ಮಾಣಿ ನನ್ನೆದುರು ಕೂತು ಉಪ್ಪಿನಕಾಯಿ ತಿನ್ನುತ್ತಾನೆ. ಇವನು ಎಲ್ಲಿ ಕೂರುತ್ತಾನೋ, ನೂರಕ್ಕೂ ಹೆಚ್ಚು ವರ್ಷಗಳ ಕೆಳಗೆ ಯಾರೋ ಕಾಗದದ ಮೇಲೆ ಎಳೆದ ಗೆರೆ ತೀರ್ಮಾನಿಸಿದೆ. ಅವನ ಹಳ್ಳಿ ಬಂತು. ಹತ್ತಾರು ಮಣ್ಣಿನ ಮನೆ, ಜರ್ದಾಳು ಮರಗಳು. ತಿರುವಿನಲ್ಲಿ ನಿಂತು ಎರಡೂ ಕೈ ಎತ್ತಿದ, ಒಂದು ಓಣಿಗೆ ನುಗ್ಗಿ ಹೋದ. ಎರಡು ವರ್ಷದ ನಂತರ, 2021ರಲ್ಲಿ, ಆ ದಡದ ಮೇಲೆ ತಾಲಿಬಾನಿನ ಬಿಳಿ ಬಾವುಟ ಏರಿದ ಸುದ್ದಿ ಓದಿದಾಗ ನನ್ನ ಕಣ್ಣಿಗೆ ಬಂದದ್ದು ಹುಲ್ಲು ಬೀಸಿದ ಆ ಹುಡುಗ.

ಖೊರೋಗ್ ಹಸಿರು ಊರು. ನಡುವೆ ಗುಂಟ್ ನದಿ, ಪಾರ್ಕು, ವಿಶ್ವವಿದ್ಯಾಲಯ, ಗಡ್ಡ ಬೋಳಿಸಿಕೊಳ್ಳಲು ಸಲೂನು. ಊರಾಚೆ ಪಂಜ್‌ಗೆ ಅಡ್ಡಲಾಗಿ ತೆಮ್ ಸೇತುವೆ, 2002ರಲ್ಲಿ ಕಟ್ಟಿದ್ದು. ಅದರ ಬುಡದಲ್ಲಿ ಶನಿವಾರದ ಸಂತೆ. ಗಡಿಯ ಪರಿಸ್ಥಿತಿ ಸರಿಯಿದ್ದರೆ ಮಾತ್ರ ನಡೆಯುತ್ತಿತ್ತು, ಅಂದು ನಡೆದಿತ್ತು. ಆಚೆಯವರು ಸೇತುವೆ ದಾಟಿ ಬಂದು ಸಂಜೆಗೆ ಮರಳಿ ಹೋಗುತ್ತಿದ್ದರು. ರಬ್ಬರ್ ಬೂಟು, ಹಸಿರು ಚಹಾ, ಬಟ್ಟೆ, ಸೋಪು, ಉಣ್ಣೆಯ ಕಾಲುಚೀಲ, ಪಾಕಿಸ್ತಾನದ ಮಸಾಲೆ ಡಬ್ಬಿಗಳು. ಮಾಣಿ ಟೊಪ್ಪಿಯ ರಾಶಿಯ ಮುಂದೆ ಕೂತ. ನನಗೆ ಬೇಕಿದ್ದದ್ದು ಟೊಪ್ಪಿಯಲ್ಲ, ಆ ದಡದ ಒಬ್ಬ ಮನುಷ್ಯನ ಜೊತೆ ನಾಲ್ಕು ಮಾತು.

ಟೊಪ್ಪಿಯವನು ನರೆತ ಗಡ್ಡದ, ಅಗಲ ಎದೆಯ ಆಳು. ನಮ್ಮ ಹರಕು ಹಿಂದಿ ಕೇಳಿ, ನಮಗಿಂತ ಚೆನ್ನಾದ ಉರ್ದುವಿನಲ್ಲಿ ಉತ್ತರ ಕೊಟ್ಟ. ಸಣ್ಣವನಿದ್ದಾಗ ಪೆಶಾವರದ ನಿರಾಶ್ರಿತರ ಶಿಬಿರದಲ್ಲಿ ಬೆಳೆದವನಂತೆ. ಹಿಂದುಸ್ತಾನದಲ್ಲಿ ಎಲ್ಲಿ ಎಂದು ಕೇಳಿದ. ಶಿವಮೊಗ್ಗ ಎಂದರೆ ಏನು ತಿಳಿದೀತೆಂದು ಬೆಂಗಳೂರು ಎಂದೆವು.

“ಬೆಂಗಳೂರು!” ಟೊಪ್ಪಿಯನ್ನು ಕೆಳಗಿಟ್ಟ. “ನಮ್ಮ ಮೊಟ್ಟಮೊದಲ ಟೆಸ್ಟ್ ಮ್ಯಾಚು ಆಡಿದ್ದು ನಿಮ್ಮೂರಲ್ಲಿ ಅಲ್ಲವೇ, ಹೋದ ವರ್ಷ?”

ಹೌದು, 2018ರ ಜೂನ್, ಚಿನ್ನಸ್ವಾಮಿ ಸ್ಟೇಡಿಯಂ. ಅಫ್ಘಾನಿಸ್ತಾನ ಟೆಸ್ಟ್ ಆಡುವ ದೇಶವಾದ ಮೇಲಿನ ಮೊದಲ ಪಂದ್ಯ.

“ಎರಡೇ ದಿನದಲ್ಲಿ ಮುಗಿಸಿಬಿಟ್ಟಿರಲ್ಲ, ಭಾಯಿಜಾನ್! ಒಂದೇ ದಿನದಲ್ಲಿ ನಮ್ಮ ಇಪ್ಪತ್ತೂ ವಿಕೆಟ್ಟು. ಮನೆಯಲ್ಲಿ ರೇಡಿಯೊ ಹಿಡಿದು ಕೂತವನು ಮಧ್ಯಾಹ್ನದ ಊಟ ಬಿಟ್ಟೆ. ಅಷ್ಟು ದೂರದಿಂದ ಬಂದ ಅತಿಥಿಗಳನ್ನು ಐದು ದಿನ ಇಟ್ಟುಕೊಳ್ಳಬಾರದಿತ್ತೇ?”

ಮಾಣಿಯ ಮುಖ ಇದ್ದಕ್ಕಿದ್ದಂತೆ ಗಂಭೀರವಾಯಿತು. “ನನ್ನ ಹತ್ತಿರ ಮೂರನೇ ದಿನದ ಟಿಕೆಟ್ ಇತ್ತು” ಎಂದ. “ಶನಿವಾರದ್ದು. ಶುಕ್ರವಾರ ರಾತ್ರಿಯ ಬಸ್ಸಿಗೆ ಸೀಟೂ ಮಾಡಿಸಿದ್ದೆ.”

ಟೊಪ್ಪಿಯವನು ಅವನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಎಡಬಲದ ಅಂಗಡಿಯವರನ್ನೆಲ್ಲ ಕೂಗಿ ಕರೆದು ತಮ್ಮ ಭಾಷೆಯಲ್ಲಿ ವಿಷಯ ತಿಳಿಸಿದ. ಬೂಟಿನವನು ನಕ್ಕ, ಚಹಾದವನು ನಕ್ಕ, ಸೋಪಿನ ಹಿಂದೆ ಕೂತಿದ್ದ ಮುದುಕನಿಗೆ ಮತ್ತೊಮ್ಮೆ ಬಿಡಿಸಿ ಹೇಳಬೇಕಾಯಿತು, ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ಮೂರನೇ ದಿನದ ಟಿಕೆಟ್ಟಿನವನಿಗೆ ಟೊಪ್ಪಿ ಹತ್ತು ಸೊಮೋನಿ ಕಡಿಮೆ ಎಂದು ಅಲ್ಲೇ ಘೋಷಣೆಯಾಯಿತು.

ಮಾಣಿ ಟೊಪ್ಪಿಯನ್ನು ಮಗುಚಿ ಹೊಲಿಗೆ ನೋಡಿದ, ಎಳೆದು ನೋಡಿದ, ಬಸ್ಸಿನ ಸೀಟಿಗೆಂದು ಇನ್ನೂ ಐದು ಇಳಿಸಲು ಕೇಳಿದ.